ಹಾಯಿಕಂಬದ ತುದಿ ಎಲ್ಲಿದೆ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಡೊಂಬಿವಲಿಯ ಹಿರಿಯ ಕೇಳುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮೊಮ್ಮಗ ಈ ಬೇಸಿಗೆಯಲ್ಲಿ ಹಾಯಿದೋಣಿಯ ತರಬೇತಿಗೆ ಸೇರಿದ್ದಾನಂತೆ. ಮನೆಗೆ ಬಂದರೆ ಬಾಯಿತುಂಬ ಹೊಸ ಮಾತು: ಆಪ್ಟಿಮಿಸ್ಟ್ ಕ್ಲಾಸ್, ಫೋರ್ ಸೆವೆಂಟಿ, ಸ್ಲೂಪ್, ಏರ್ ಡ್ರಾಫ್ಟ್. "ಈ ಕ್ಲಾಸು ಅಂದರೇನು? ಗೇಟ್‌ವೇ ಎದುರು ಲಂಗರು ಹಾಕಿ ನಿಂತ ದೋಣಿಗಳ ಆ ಕಂಬ ನೀರಿನಿಂದ ಎಷ್ಟು ಎತ್ತರ ಇರುತ್ತದೆ? ಸುಮ್ಮನೆ ನೋಡಿ ಹೇಳಲಿಕ್ಕೆ ಬರುತ್ತದೆಯೇ?" ಎಂದು ಕೇಳಿದ್ದಾರೆ. ಎರಡೂ ಒಳ್ಳೆಯ ಪ್ರಶ್ನೆಗಳು. ಎರಡನೆಯದಂತೂ ಒಮ್ಮೊಮ್ಮೆ ಜೀವದ ಪ್ರಶ್ನೆಯೇ ಆಗುತ್ತದೆ. ಇವತ್ತಿನ ಹತ್ತು ಹದಿನೈದು ನಿಮಿಷ ಇದಕ್ಕೇ ಮೀಸಲು.

ಮೊದಲಿಗೆ ಕ್ಲಾಸ್. ಇದು ನಮ್ಮ ಲೋಕಲ್ ರೈಲಿನ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಅಲ್ಲ. ಕ್ಲಾಸ್ ಎಂದರೆ ಒಂದೇ ಕಟ್ಟಳೆಗೆ ಒಳಪಟ್ಟ ದೋಣಿಗಳ ಕುಲ. ಕಟ್ಟಳೆ ಯಾಕೆ ಬೇಕು? ಇಬ್ಬರು ಪಂದ್ಯ ಆಡಿದರೆ ಗೆದ್ದದ್ದು ಆಟಗಾರನೋ ಅವನ ದೋಣಿಯೋ ಎಂದು ಗೊತ್ತಾಗಬೇಕಲ್ಲ, ಅದಕ್ಕೆ.

ಈ ಕುಲಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದನೆಯದು ವನ್-ಡಿಸೈನ್. ಇಲ್ಲಿ ದೋಣಿಯ ಆಕಾರ, ತೂಕ, ಕಂಬ, ಹಾಯಿ ಎಲ್ಲವೂ ಒಂದೇ ನಕ್ಷೆಯಂತೆ ಇರಬೇಕು. ಒಂದೇ ಅಚ್ಚಿನಿಂದ ತೆಗೆದ ಬೆಲ್ಲದ ಹಾಗೆ. ಎರಡನೆಯದು ಡೆವಲಪ್‌ಮೆಂಟ್ ಕ್ಲಾಸ್. ಉದ್ದ ಇಷ್ಟು ಮೀರಬಾರದು, ಹಾಯಿ ಇಷ್ಟು ಮೀರಬಾರದು ಎಂದು ಎಲ್ಲೆ ಹಾಕಿ, ಅದರೊಳಗೆ ನಿಮ್ಮ ಬುದ್ಧಿ ತೋರಿಸಿ ಎಂದು ಬಿಡುತ್ತಾರೆ. ಮೂರನೆಯದು ಸೂತ್ರದ ಕ್ಲಾಸ್. ಉದ್ದ, ಸುತ್ತಳತೆ, ಹಾಯಿಯ ವಿಸ್ತೀರ್ಣ ಮುಂತಾದವನ್ನು ಒಂದು ಗಣಿತದ ಸೂತ್ರಕ್ಕೆ ಹಾಕಿದರೆ ಬರುವ ಉತ್ತರ ಒಂದು ಗೊತ್ತಾದ ಸಂಖ್ಯೆಯನ್ನು ಮೀರಬಾರದು. ಒಂದು ಅಳತೆ ಹೆಚ್ಚಿಸಿಕೊಂಡರೆ ಇನ್ನೊಂದನ್ನು ಬಿಟ್ಟುಕೊಡಬೇಕು.

ಇನ್ನು ಹೆಸರಿನಲ್ಲಿರುವ ಸಂಖ್ಯೆಗಳು. ಹೊಸಬರು ಎಡವುವುದು ಇಲ್ಲೇ. 470 ಎಂಬ ದೋಣಿಯ ಉದ್ದ 470 ಸೆಂಟಿಮೀಟರ್, ಅಂದರೆ 4.70 ಮೀಟರ್. 420ರ ಉದ್ದ 4.20 ಮೀಟರ್. ಇಷ್ಟು ತಿಳಿದ ಮೇಲೆ ಜೆ-24 ಎಂದರೆ ಏನಿರಬಹುದು? ಅದು 24 ಅಡಿ. ಅದೇ ಮನೆತನದ ಜೆ-80 ಮಾತ್ರ 80 ಅಡಿ ಅಲ್ಲ, 8 ಮೀಟರ್! ಇನ್ನೊಂದು ಪ್ರಸಿದ್ಧ ದೋಣಿ ಲೇಸರ್. ಕೆನಡಾದ ಬ್ರೂಸ್ ಕರ್ಬಿ ವಿನ್ಯಾಸ ಮಾಡಿದ್ದು, ಉದ್ದ 4.23 ಮೀಟರ್. 2019ರಿಂದ ಅದಕ್ಕೆ ಐಎಲ್‌ಸಿಎ ಎಂಬ ಹೆಸರು. ಐಎಲ್‌ಸಿಎ 7, ಐಎಲ್‌ಸಿಎ 6, ಐಎಲ್‌ಸಿಎ 4 ಎಂದು ಮೂರು ಇವೆ. ಮೂರಕ್ಕೂ ಒಡಲು ಒಂದೇ, ಉದ್ದವೂ ಒಂದೇ. ಬದಲಾಗುವುದು ಹಾಯಿ ಮತ್ತು ಕಂಬದ ಕೆಳಭಾಗ. 7 ಎಂಬುದು ಸುಮಾರು 7 ಚದರ ಮೀಟರಿನ ಹಾಯಿ ಎಂಬುದರ ಸೂಚನೆ. ನಿಖರವಾಗಿ ಹೇಳುವುದಾದರೆ 7.06.

ಇವೆಲ್ಲಕ್ಕಿಂತ ತಮಾಷೆಯದು 12 ಮೀಟರ್ ಕ್ಲಾಸ್. 1958ರಿಂದ 1987ರವರೆಗೆ ಅಮೆರಿಕಾಸ್ ಕಪ್ ಪಂದ್ಯ ನಡೆದದ್ದು ಈ ದೋಣಿಗಳಲ್ಲಿ. ಅವುಗಳ ಉದ್ದ 12 ಮೀಟರ್ ಅಲ್ಲವೇ ಅಲ್ಲ, ಸುಮಾರು 20 ಮೀಟರ್! 12 ಎಂಬುದು ಸೂತ್ರದ ಉತ್ತರ. ಆದ್ದರಿಂದ ನೆನಪಿಡಿ: ಹೆಸರಿನ ಸಂಖ್ಯೆ ಅಡಿಯೋ, ಮೀಟರೋ, ಸೆಂಟಿಮೀಟರೋ, ಹಾಯಿಯ ಅಳತೆಯೋ, ಸೂತ್ರದ ಫಲವೋ ಎಂದು ಕೇಳಿ ತಿಳಿದುಕೊಳ್ಳದೆ ಮುಂದೆ ಹೋಗಬಾರದು. ಇದರಲ್ಲಿ ಯಾವುದೂ ಕಂಬದ ಎತ್ತರವಂತೂ ಅಲ್ಲ.

ಪತ್ರ ಬರೆದ ಹಿರಿಯರ ಮೊಮ್ಮಗನ ಆಪ್ಟಿಮಿಸ್ಟ್ 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವರು ಮಕ್ಕಳಿಗೆಂದೇ ರೂಪಿಸಿದ ಪುಟ್ಟ ದೋಣಿ. ಮುಂಭಾಗ ಚೂಪಾಗಿರದೆ ಮೊಂಡಾಗಿರುತ್ತದೆ, ಒಬ್ಬನೇ ಮಗು ನಡೆಸುತ್ತದೆ. ದೊಡ್ಡ ದೊಡ್ಡ ಆಟಗಾರರೂ ಅಕ್ಷರಾಭ್ಯಾಸ ಮಾಡಿದ್ದು ಇದರಲ್ಲೇ. ಅಜ್ಜ ಹೆದರಬೇಕಾಗಿಲ್ಲ.

ನಮ್ಮ ದೇಶದ ಮಟ್ಟಿಗೂ ಈ ಹೆಸರುಗಳು ದೂರದವಲ್ಲ. 1982ರ ಏಷ್ಯನ್ ಕ್ರೀಡಾಕೂಟ ನಡೆದದ್ದು ದೆಹಲಿಯಲ್ಲಾದರೂ ಹಾಯಿದೋಣಿ ಪಂದ್ಯಗಳು ನಡೆದದ್ದು ನಮ್ಮ ಮುಂಬಯಿಯಲ್ಲಿ. ಫೈರ್‌ಬಾಲ್ ಎಂಬ ಕ್ಲಾಸಿನಲ್ಲಿ ಫಾರೂಖ್ ತಾರಾಪೋರ್ ಮತ್ತು ಝರೀರ್ ಕರಂಜಿಯಾ ಚಿನ್ನ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ 49ಅರ್ ಕ್ಲಾಸಿನಲ್ಲಿ ಭಾರತದ ಜೋಡಿ ಕೆ. ಸಿ. ಗಣಪತಿ ಮತ್ತು ವರುಣ್ ಠಕ್ಕರ್. ಗಣಪತಿಯವರ ಪೂರ್ತಿ ಹೆಸರು ಕೇಳಪಂಡ ಚೆಂಗಪ್ಪ ಗಣಪತಿ. ಆ ಮನೆಹೆಸರು ಕೇಳಿದೊಡನೆ ಕೊಡಗಿನವರ ಕಿವಿ ನಿಮಿರುತ್ತದೆ. ಹೈದರಾಬಾದಿನ ಕೇಳುಗರು ಹುಸೇನ್ ಸಾಗರದಲ್ಲಿ ಲೇಸರ್ ದೋಣಿಗಳ ಪಂದ್ಯ ನೋಡಿರುತ್ತೀರಿ.

ಇನ್ನೊಂದು ಗುಂಪಿನ ಮಾತುಗಳಿವೆ. ಅವು ಕ್ಲಾಸ್ ಅಲ್ಲ, ಕಂಬ ಮತ್ತು ಹಾಯಿಗಳ ಜೋಡಣೆ. ಒಂದೇ ಕಂಬ, ಮುಂದೊಂದು ಹಾಯಿ, ಹಿಂದೊಂದು ಹಾಯಿ ಇದ್ದರೆ ಸ್ಲೂಪ್. ಒಂದೇ ಕಂಬವಿದ್ದು ಮುಂದೆ ಎರಡು ಹಾಯಿ ಇದ್ದರೆ ಕಟರ್. ಎರಡು ಕಂಬಗಳಿದ್ದು ಹಿಂದಿನದು ಗಿಡ್ಡವಾಗಿದ್ದರೆ ಕೆಚ್. ಎರಡು ಅಥವಾ ಹೆಚ್ಚು ಕಂಬಗಳಿದ್ದು ಹಿಂದಿನದು ಮುಂದಿನದಕ್ಕೆ ಸಮ ಅಥವಾ ಅದಕ್ಕಿಂತ ಎತ್ತರವಾಗಿದ್ದರೆ ಸ್ಕೂನರ್. ಗೇಟ್‌ವೇ ಎದುರು ಕಾಣುವ ಖಾಸಗಿ ಹಾಯಿದೋಣಿಗಳಲ್ಲಿ ಬಹುಪಾಲು ಸ್ಲೂಪ್‌ಗಳೇ. ಈ ಕಂಬಕ್ಕೆ ಕನ್ನಡದಲ್ಲಿ ಕೂವೆಮರ ಎಂಬ ಹಳೆಯ ಮಾತಿದೆ. ನಾವು ಹಾಯಿಕಂಬ ಎಂದುಕೊಂಡರೆ ಎಲ್ಲರಿಗೂ ತಿಳಿಯುತ್ತದೆ. ಮಂಗಳೂರಿನ ಹಂಚು ಹೊತ್ತು ಪಶ್ಚಿಮ ಕರಾವಳಿಯುದ್ದಕ್ಕೂ ಓಡಾಡಿದ ಮಂಜಿಗಳಿಗೂ ಇಂಥ ಕೂವೆಮರಗಳಿದ್ದವು. ಈ ಮಾತು ಕೇಳುತ್ತಿರುವ ಕರಾವಳಿಯ ಎಷ್ಟೋ ಮನೆಗಳಲ್ಲಿ ಮಂಜಿಯ ಕಥೆ ಇರಬಹುದು.

ಈಗ ಎತ್ತರದ ಮಾತು. ನೀರಿನ ಮಟ್ಟದಿಂದ ದೋಣಿಯ ಅತ್ಯಂತ ಎತ್ತರದ ವಸ್ತುವಿನ ತುದಿಯವರೆಗಿನ ಅಳತೆಗೆ ಏರ್ ಡ್ರಾಫ್ಟ್ ಎನ್ನುತ್ತಾರೆ. ಗಮನಿಸಿ, "ಕಂಬದ ಉದ್ದ" ಬೇರೆ, ಏರ್ ಡ್ರಾಫ್ಟ್ ಬೇರೆ. ಕೆಲವು ದೋಣಿಗಳಲ್ಲಿ ಕಂಬ ಛಾವಣಿಯ ಮೇಲೆ ನಿಂತಿರುತ್ತದೆ. ಕೆಲವದರಲ್ಲಿ ಛಾವಣಿಯನ್ನು ತೂರಿಕೊಂಡು ದೋಣಿಯ ತಳದಲ್ಲಿ ಊರಿರುತ್ತದೆ. ಕಂಬದ ತಲೆಯ ಮೇಲೆ ದೀಪ, ಗಾಳಿಯ ದಿಕ್ಕು ತೋರುವ ಸೂಚಿ, ರೇಡಿಯೋ ಆಂಟೆನಾ ಇರುತ್ತವೆ. ಮಾರಾಟದ ಕಾಗದದಲ್ಲಿ ಬರೆದ ಎತ್ತರದಲ್ಲಿ ಇವು ಸೇರಿವೆಯೋ ಇಲ್ಲವೋ ಎಂದು ಕೇಳದಿದ್ದರೆ ಕೆಟ್ಟಿರಿ.

ದೋಣಿಯ ನಕ್ಷೆ ಕೈಯಲ್ಲಿದ್ದರೆ ಲೆಕ್ಕ ಸುಲಭ. ನಕ್ಷೆಯಲ್ಲಿ ಐ, ಜೆ, ಪಿ, ಇ ಎಂಬ ನಾಲ್ಕು ಅಕ್ಷರಗಳಿರುತ್ತವೆ. ಜೆ ಮತ್ತು ಇ ಅಡ್ಡಕ್ಕೆ ಅಳೆದವು, ಅವನ್ನು ಈಗ ಬಿಡಿ. ಪಿ ಎಂದರೆ ಹಿಂದಿನ ದೊಡ್ಡ ಹಾಯಿ ಕಂಬದ ಗುಂಟ ಎಷ್ಟು ಎತ್ತರ ಏರುತ್ತದೆ ಎಂಬ ಅಳತೆ. ಐ ಎಂದರೆ ಮುಂದಿನ ಹಾಯಿಯ ತ್ರಿಕೋನದ ಎತ್ತರ, ಡೆಕ್ಕಿನಿಂದ ಅಳೆದದ್ದು.

ಒಂದು ಉದಾಹರಣೆ ಬರೆದುಕೊಳ್ಳಿ. ಹತ್ತು ಮೀಟರ್ ಉದ್ದದ ಒಂದು ಸ್ಲೂಪ್ ಎಂದುಕೊಳ್ಳೋಣ. ನೀರಿನಿಂದ ಡೆಕ್ಕಿಗೆ 1.1 ಮೀಟರ್. ಡೆಕ್ಕಿನಿಂದ ಹಾಯಿಯ ಬುಡದ ಅಡ್ಡಮರಕ್ಕೆ, ಅಂದರೆ ಬೂಮ್‌ಗೆ, 1.5 ಮೀಟರ್. ಪಿ 11.2 ಮೀಟರ್. ಹಾಯಿ ಏರುವ ತುದಿಯಿಂದ ಕಂಬದ ನೆತ್ತಿಗೆ 0.2. ನೆತ್ತಿಯ ಮೇಲಿನ ಆಂಟೆನಾ 0.9. ಎಲ್ಲ ಕೂಡಿಸಿ: 14.9 ಮೀಟರ್. ಸುಮಾರು 49 ಅಡಿ. ತಾಳೆ ನೋಡಬೇಕೇ? ಐ ಅಳತೆ 12.9 ಎಂದಿದ್ದರೆ ಅದಕ್ಕೆ ಡೆಕ್ಕಿನ 1.1 ಸೇರಿಸಿ, 14 ಆಯಿತು. ಆಂಟೆನಾ 0.9 ಸೇರಿಸಿ, ಮತ್ತೆ 14.9. ಲೆಕ್ಕ ಕೂಡಿತು.

ಆದರೆ ಇಲ್ಲೊಂದು ಉರುಳು ಇದೆ. ಮುಂದಿನ ಹಾಯಿಯ ತಂತಿ ಕಂಬದ ನೆತ್ತಿಯವರೆಗೆ ಹೋಗಿದ್ದರೆ ಮಾತ್ರ ಐ ಅಳತೆಯಿಂದ ನೆತ್ತಿ ಸಿಗುತ್ತದೆ. ಇದಕ್ಕೆ ಮಾಸ್ಟ್‌ಹೆಡ್ ಜೋಡಣೆ ಎನ್ನುತ್ತಾರೆ. ಎಷ್ಟೋ ದೋಣಿಗಳಲ್ಲಿ ಆ ತಂತಿ ಕಂಬದ ಮುಕ್ಕಾಲು ಪಾಲಿಗೋ ಎಂಟರಲ್ಲಿ ಏಳು ಪಾಲಿಗೋ ನಿಂತುಬಿಡುತ್ತದೆ. ಅದು ಫ್ರಾಕ್ಷನಲ್ ಜೋಡಣೆ. ಎಂಟರಲ್ಲಿ ಏಳು ಪಾಲಿನ ದೋಣಿಯಲ್ಲಿ ಐ 10.5 ಮೀಟರ್ ಇದ್ದರೆ ಡೆಕ್ಕಿನಿಂದ ನೆತ್ತಿ 12 ಮೀಟರ್. ಒಂದೂವರೆ ಮೀಟರ್ ಲೆಕ್ಕದಿಂದ ಜಾರಿಹೋಗುವುದು ಹೀಗೆ. ಸಾಲದ್ದಕ್ಕೆ ಒಂದೇ ಮಾದರಿಯ ದೋಣಿಗೆ ಸಾಧಾರಣ ಕಂಬ, ಎತ್ತರದ ಕಂಬ ಎಂದು ಎರಡು ಬಗೆ ಇರಬಹುದು. ಅಮೆರಿಕದ ಕ್ಯಾಟಲಿನಾ 30 ಎಂಬ ದೋಣಿಯಲ್ಲಿ ಈ ವ್ಯತ್ಯಾಸ ಸುಮಾರು ಎರಡು ಅಡಿ.

ನಕ್ಷೆ ಇಲ್ಲ, ದಡದಲ್ಲಿ ನಿಂತಿದ್ದೀರಿ. ಆಗ? ಒಂದು ಪೆನ್ಸಿಲ್ ಸಾಕು. ದೋಣಿ ನಿಮಗೆ ಪೂರ್ತಿ ಅಡ್ಡಲಾಗಿ ಕಾಣುವ ಹೊತ್ತಿಗೆ ಕೈ ನೀಡಿ ಪೆನ್ಸಿಲನ್ನು ಮಲಗಿಸಿ ಹಿಡಿದು, ಮೂತಿಯಿಂದ ಹಿಂಬದಿಯವರೆಗಿನ ಉದ್ದವನ್ನು ಹೆಬ್ಬೆರಳಿನಿಂದ ಗುರುತು ಮಾಡಿ. ಕೈ ಮಡಚದೆ ಅದೇ ಪೆನ್ಸಿಲನ್ನು ನಿಲ್ಲಿಸಿ, ನೀರಿನಿಂದ ಕಂಬದ ತುದಿಗೆ ಅಂಥ ಎಷ್ಟು ಅಳತೆ ಬರುತ್ತದೆ ನೋಡಿ. ಒಂದೂ ಮುಕ್ಕಾಲು ಬಂತೋ, ಒಂದೂ ಕಾಲು ಬಂತೋ? ದೋಣಿಯ ಉದ್ದ 9 ಮೀಟರ್ ಎಂದು ಕ್ಲಾಸಿನಿಂದ ಗೊತ್ತಾಗಿ, ಅಳತೆ 1.4 ಬಂದರೆ ಎತ್ತರ 12.6 ಮೀಟರ್. ನೋಡಿ, ಕ್ಲಾಸ್ ತಿಳಿದದ್ದು ಇಲ್ಲಿ ಕೆಲಸಕ್ಕೆ ಬಂತು. ಪಕ್ಕದಿಂದ ತೆಗೆದ ಫೋಟೋ ಇದ್ದರೆ ಸ್ಕೇಲ್ ಇಟ್ಟು ಇದನ್ನೇ ಮಾಡಬಹುದು. ಆದರೆ ಫೋಟೋ ಓರೆಯಾಗಿ ತೆಗೆದದ್ದಾದರೆ ದೋಣಿ ಗಿಡ್ಡವಾಗಿ, ಕಂಬ ಇದ್ದದ್ದಕ್ಕಿಂತ ಎತ್ತರವಾಗಿ ಕಾಣುತ್ತದೆ.

ದೋಣಿ ಕಟ್ಟೆಗೆ ತಾಗಿ ನಿಂತಿದ್ದರೆ ಇನ್ನೊಂದು ಉಪಾಯ. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿ. 45 ಡಿಗ್ರಿ ಕೋನ ಸಿಕ್ಕಿತು. ಕೆಳ ಅಂಚನ್ನು ನೆಲಕ್ಕೆ ಸಮನಾಗಿ ಹಿಡಿದು, ಓರೆ ಅಂಚಿನ ಗುಂಟ ಕಂಬದ ತುದಿ ಕಾಣುವವರೆಗೆ ಕಟ್ಟೆಯ ಮೇಲೆ ಹಿಂದೆ ಹಿಂದೆ ನಡೆಯಿರಿ. ಕಂಬದ ಬುಡದಿಂದ ನೀವಿರುವ ದೂರ 12 ಮೀಟರ್ ಆದರೆ, ನಿಮ್ಮ ಕಣ್ಣಿನ ಮಟ್ಟದಿಂದ ಕಂಬದ ತುದಿ 12 ಮೀಟರ್. ನಿಮ್ಮ ಕಣ್ಣು ನೀರಿನಿಂದ 3 ಮೀಟರ್ ಮೇಲಿದ್ದರೆ ಒಟ್ಟು 15. ಇವೆಲ್ಲ ಅಂದಾಜು. ದೋಣಿಯ ಒಡೆಯರಿಗೆ ಮಾತ್ರ ಅಂದಾಜು ಸಾಲದು. ಹಾಯಿ ಏರಿಸುವ ಹಗ್ಗಕ್ಕೆ ಅಳತೆಯ ಟೇಪು ಕಟ್ಟಿ ತುದಿಯವರೆಗೆ ಏರಿಸಿ, ಕೆಳಗೆ ನೀರಿನ ಮಟ್ಟದಲ್ಲಿ ಓದಿಕೊಂಡು, ಮೇಲಿನ ಆಂಟೆನಾವನ್ನು ಸೇರಿಸುವುದೇ ಸರಿಯಾದ ದಾರಿ.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? ಸೇತುವೆಗಾಗಿ. ಚೆನ್ನೈ ಕಡೆಯ ಕೇಳುಗರಿಗೆ ಪಾಂಬನ್ ಗೊತ್ತು. 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಹೊಸ ರೈಲು ಸೇತುವೆಯ ನಡುವಿನ 72.5 ಮೀಟರ್ ಉದ್ದದ ಭಾಗ ಲಿಫ್ಟಿನಂತೆ 17 ಮೀಟರ್ ಮೇಲೇಳುತ್ತದೆ. ಎದ್ದಾಗ ಕೆಳಗೆ ಸಿಗುವ ತೆರಪು 22 ಮೀಟರ್, ಪಕ್ಕದ ರಸ್ತೆ ಸೇತುವೆಯ ತೆರಪಿಗೆ ಸಮ. ಈಗ ನಮ್ಮ ನೌಕಾಪಡೆಯ ಹಾಯಿನೌಕೆ ತಾರಿಣಿಯನ್ನು ತೆಗೆದುಕೊಳ್ಳಿ. 56 ಅಡಿ, ಅಂದರೆ ಸುಮಾರು 17 ಮೀಟರ್ ಉದ್ದದ ಸ್ಲೂಪ್. 2017-18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು, 2024ರ ಅಕ್ಟೋಬರಿನಿಂದ 2025ರ ಮೇ ವರೆಗೆ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಭೂಮಿಯನ್ನು ಸುತ್ತಿ ಬಂದದ್ದು ಇದರಲ್ಲೇ. ಇದರ ಕಂಬ 25 ಮೀಟರ್, ಎಂಟು ಮಹಡಿಯ ಕಟ್ಟಡದಷ್ಟು. ಭೂಮಿ ಸುತ್ತಿದ ಆ ನೌಕೆ ಪಾಂಬನ್ ಸೇತುವೆಯ ಕೆಳಗೆ ದಾಟಲಾರದು! ಇದರ ಅಕ್ಕನಂಥ ನೌಕೆ ಮ್ಹಾದೇಯಿ. ಆ ಹೆಸರು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವೆಗೆ ಹರಿಯುವ ಮಹದಾಯಿ ನದಿಯದು.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಮುದ್ರಕ್ಕೆ ಸಮಾನಾಂತರವಾಗಿ ಒಂದು ಒಳನಾಡ ಜಲಮಾರ್ಗವಿದೆ. ಅಲ್ಲಿನ ಎತ್ತರದ ಸ್ಥಿರ ಸೇತುವೆಗಳ ತೆರಪು ಸಾಧಾರಣವಾಗಿ 65 ಅಡಿ. ಮಯಾಮಿಯ ಜೂಲಿಯಾ ಟಟ್ಲ್ ಸೇತುವೆ ಒಂದೇ 56 ಅಡಿ. ಅಲ್ಲಿ ದೋಣಿ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಏರ್ ಡ್ರಾಫ್ಟ್ ಒಂದು. ಕಾಗದದಲ್ಲಿ 63 ಅಡಿ ಇದ್ದು ಆಂಟೆನಾ 3 ಅಡಿ ಇದ್ದರೆ ಮುಗಿಯಿತು.

2025ರ ಮೇ 17ರ ಸಂಜೆ ನ್ಯೂಯಾರ್ಕಿನಲ್ಲಿ ಮೆಕ್ಸಿಕೊ ನೌಕಾಪಡೆಯ ತರಬೇತಿ ಹಾಯಿಹಡಗು ಕ್ವಾಟೆಮೋಕ್ ಬ್ರೂಕ್ಲಿನ್ ಸೇತುವೆಗೆ ಬಡಿಯಿತು. ಸೇತುವೆಯ ತೆರಪು ಸುಮಾರು 40 ಮೀಟರ್. ಹಡಗಿನ ಕಂಬಗಳು ಅದಕ್ಕಿಂತ ಹಲವು ಮೀಟರ್ ಎತ್ತರ. ಅದು ಆ ಸೇತುವೆಯ ಕೆಳಗೆ ಹೋಗಬೇಕಾಗಿಯೇ ಇರಲಿಲ್ಲ, ಹಿಂದಕ್ಕೆ ಸರಿದು ಅಲ್ಲಿಗೆ ಬಂದಿತ್ತು. ಮೂರೂ ಕಂಬಗಳ ಮೇಲ್ಭಾಗ ಮುರಿಯಿತು. ಕಂಬಗಳ ಮೇಲೆ ಗೌರವಕ್ಕೆಂದು ನಿಂತಿದ್ದ ಎಳೆಯರೂ ಇದ್ದ ಆ ಹಡಗಿನಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. ನಾವು ಹೋಗಬೇಕೆಂದಿರುವ ದಾರಿಯ ಎತ್ತರ ಮಾತ್ರವಲ್ಲ, ಗಾಳಿ, ಸೆಳೆತಗಳು ನಮ್ಮನ್ನು ಎಳೆದೊಯ್ಯಬಹುದಾದ ದಾರಿಯ ಎತ್ತರವೂ ತಿಳಿದಿರಬೇಕು.

ನೀರು ಸುಮ್ಮನಿರುವುದಿಲ್ಲ ಎಂಬುದು ಇನ್ನೊಂದು ಮಾತು. ಮುಂಬಯಿ ಬಂದರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಉಬ್ಬರ ಮತ್ತು ಇಳಿತಗಳ ನಡುವೆ ನೀರಿನ ಮಟ್ಟ ಮೂರೂವರೆ ಮೀಟರಿಗೂ ಹೆಚ್ಚು ಬದಲಾಗುತ್ತದೆ. ಉಬ್ಬರದಲ್ಲಿ ದೋಣಿ ಮೇಲೇಳುತ್ತದೆ, ಸೇತುವೆ ಮೇಲೇಳುವುದಿಲ್ಲ. ಅದಕ್ಕೇ ಸಮುದ್ರದ ನಕ್ಷೆಗಳಲ್ಲಿ ಆಳವನ್ನು ಇಳಿತದ ಮಟ್ಟದಿಂದಲೂ ಸೇತುವೆಯ ತೆರಪನ್ನು ಉಬ್ಬರದ ಮಟ್ಟದಿಂದಲೂ ಬರೆಯುವುದು ವಾಡಿಕೆ. ಎರಡರಲ್ಲೂ ಕೆಟ್ಟ ಪರಿಸ್ಥಿತಿಯನ್ನೇ ಹಿಡಿದಿದ್ದಾರೆ. ದೋಣಿ ವಾಲಿದರೆ ಎತ್ತರ ತಗ್ಗುತ್ತದೆ ಎಂಬುದು ನಿಜ. ಆದರೆ 20 ಮೀಟರ್ ಎತ್ತರದ ಕಂಬ 15 ಡಿಗ್ರಿ ವಾಲಿದರೂ ತಗ್ಗುವುದು 70 ಸೆಂಟಿಮೀಟರ್ ಮಾತ್ರ. ಒಂದು ದೊಡ್ಡ ಅಲೆ ಅಷ್ಟನ್ನು ಮತ್ತೆ ಎತ್ತಿ ಕೊಡುತ್ತದೆ. ಅದನ್ನು ನಂಬಿ ಹೊರಡಬಾರದು.

ಕೊನೆಗೆ, ಪತ್ರ ಬರೆದ ಅಜ್ಜನಿಗೂ ಮಕ್ಕಳನ್ನು ಇಂಥ ತರಬೇತಿಗೆ ಕಳಿಸುವ ಎಲ್ಲ ಅಪ್ಪ ಅಮ್ಮಂದಿರಿಗೂ ಒಂದು ಮುಖ್ಯ ಮಾತು. ಸಣ್ಣ ದೋಣಿಗೆ ಸೇತುವೆಗಿಂತ ದೊಡ್ಡ ವೈರಿ ವಿದ್ಯುತ್ ತಂತಿ. ಅಲ್ಯೂಮಿನಿಯಂ ಕಂಬದಲ್ಲಿ ವಿದ್ಯುತ್ ಹರಿಯುತ್ತದೆ, ಕಾರ್ಬನ್ ಫೈಬರ್ ಕಂಬದಲ್ಲೂ ಹರಿಯುತ್ತದೆ. ಮರದ ಕಂಬಕ್ಕೂ ಆಧಾರಕ್ಕೆ ಉಕ್ಕಿನ ತಂತಿಗಳಿರುತ್ತವೆ. ಹೈವೋಲ್ಟೇಜ್ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೆ ಸಾಕು, ಅದು ಹಾರಿ ಹಿಡಿಯುತ್ತದೆ. ಅಣೆಕಟ್ಟುಗಳ ಹಿನ್ನೀರಿನಲ್ಲಿ ಇನ್ನೂ ಎಚ್ಚರ ಬೇಕು. ಮಳೆಗಾಲ ಮುಗಿದಾಗ ನೀರು ಹಲವು ಮೀಟರ್ ಏರಿರುತ್ತದೆ. ಬಿಸಿಲಿಗೆ ತಂತಿ ಜೋತು ಕೆಳಗಿಳಿದಿರುತ್ತದೆ. ಬೇಸಿಗೆಯಲ್ಲಿ ಆರಾಮವಾಗಿ ದಾಟಿದ ಜಾಗ ಅಕ್ಟೋಬರಿನಲ್ಲಿ ಹಾಗೆಯೇ ಇರುತ್ತದೆಂದು ತಿಳಿಯಬಾರದು. ಅಪಾಯ ನೀರಿನ ಮೇಲೆ ಮಾತ್ರವೂ ಅಲ್ಲ. ಕಂಬ ನಿಲ್ಲಿಸಿದ ದೋಣಿಯನ್ನು ಗಾಲಿಯ ಮೇಲೆ ದಡದಲ್ಲಿ ತಳ್ಳಿಕೊಂಡು ಹೋಗುವಾಗ ಎಲ್ಲರ ಕಣ್ಣೂ ನೆಲದ ಮೇಲಿರುತ್ತದೆ. ತಂತಿ ತಾಗುವುದು ಆಗಲೇ. ತಾಗಿದ್ದೇ ಆದರೆ, ವಿದ್ಯುತ್ ಕಡಿತವಾದದ್ದು ಖಚಿತವಾಗುವ ತನಕ ದಡದಲ್ಲಿದ್ದವರು ಓಡಿಹೋಗಿ ದೋಣಿಯನ್ನು ಮುಟ್ಟಬಾರದು.

ಆದ್ದರಿಂದ ತರಬೇತಿಯ ಜಾಗಕ್ಕೆ ಹೋದಾಗ ಅಜ್ಜ ಮೂರು ಪ್ರಶ್ನೆ ಕೇಳಲಿ. ಈ ದೋಣಿಗಳ ಕಂಬ ನೀರಿನಿಂದ ಎಷ್ಟು ಎತ್ತರ? ದಡದಿಂದ ನೀರಿನವರೆಗಿನ ದಾರಿಯ ಮೇಲೆ ಎಲ್ಲಾದರೂ ತಂತಿ ಇದೆಯೇ? ನೀರು ತುಂಬಿದ ಕಾಲದಲ್ಲಿ ಆ ತಂತಿಗೂ ನೀರಿಗೂ ಎಷ್ಟು ಅಂತರ? ಉತ್ತರ ಥಟ್ಟನೆ ಬಂದರೆ ಒಳ್ಳೆಯ ಗುರುಗಳ ಕೈಯಲ್ಲಿ ಮಗು ಇದೆ ಎಂದು ನೆಮ್ಮದಿಯಿಂದ ಇರಬಹುದು. ಬರದಿದ್ದರೆ, ಮೊಮ್ಮಗನ ಜೊತೆ ಕೂತು ಪೆನ್ಸಿಲ್ ಹಿಡಿದು ಅಳೆಯಲಿ.

ಕೇಳುಗರೇ, ಹಾಯಿದೋಣಿ ಕಂಡಾಗ ಇನ್ನು ಮೇಲೆ ಕಂಬದ ತುದಿಯವರೆಗೂ ನೋಡಿ. ನೀವು ಅಳೆದ ಎತ್ತರ, ಅಳೆದ ಬಗೆ ಎರಡನ್ನೂ ನಮಗೆ ಬರೆದು ಕಳಿಸಿ. ಮಂಜಿಯ ಕಾಲದ ಕಥೆ ಗೊತ್ತಿದ್ದ ಕರಾವಳಿಯವರು ಅದನ್ನೂ ಬರೆಯಿರಿ, ಕಾರ್ಯಕ್ರಮದಲ್ಲಿ ಓದೋಣ.